ಅವ್ವ ಕುದಿಸುತ್ತಿದ್ದ ಮಣೂಕದ ರಸ

ಪ್ರತಿ ತಿಂಗಳ ಮೊದಲ ಭಾನುವಾರ ನಾನು ವಿಜಯಪುರದಿಂದ ತಿಕೋಟಾದ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಒಂದು ಬಾಟಲಿ ಇರುತ್ತದೆ. ದ್ರಾಕ್ಷಿ ರಸದ ಬಾಟಲಿ, ಅಂಗಡಿಯದು. ಮೇಲೆ ಚಂದದ ಲೇಬಲ್ಲು, ಬಿಗಿ ಮುಚ್ಚಳ. ಸುತ್ತಲೂ ದ್ರಾಕ್ಷಿ ಪಡಗಳೇ, ಅಂದರೆ ತೋಟಗಳೇ, ಇರುವ ಊರಿಗೆ, ಎಲ್ಲೋ ದೂರದ ಕಾರ್ಖಾನೆಯಲ್ಲಿ ತುಂಬಿದ ದ್ರಾಕ್ಷಿ ರಸ ಹೊತ್ತುಕೊಂಡು ಹೋಗುವ ಹುಚ್ಚಿ ನಾನೊಬ್ಬಳೇ ಇರಬೇಕು. ಕಂಡಕ್ಟರ್ ಒಮ್ಮೆ ಅದನ್ನು ನೋಡಿ, "ಅಕ್ಕಾರ, ತಿಕೋಟಾಕ್ಕ ದ್ರಾಕ್ಷಿ ತಗೊಂಡು ಹೊಂಟೀರಲ್ರಿ!" ಎಂದು ನಕ್ಕ. ನಾನೂ ನಕ್ಕೆ. ಅವನಿಗೆ ಇಡೀ ಕತೆ ಹೇಳುತ್ತ ಕೂಡಲಾಗುತ್ತದೆಯೇ?

ಇಲ್ಲಾದರೂ ಹೇಳುತ್ತೇನೆ.

ತಿಕೋಟಾದಲ್ಲಿ ನಮ್ಮ ಓಣಿಯ ಕೊನೆಗೆ ತಗಡಿನ ಒಂದು ಪ್ರಾರ್ಥನಾ ಮನೆ ಇದೆ. ನಮ್ಮ ಓಣಿ ಎಂದರೆ ಯಾವುದೆಂದು ಬಿಡಿಸಿ ಹೇಳುವುದು ಬೇಡ. ಊರಿನವರು ಚುನಾವಣೆ ಬಂದಾಗ ಮಾತ್ರ ಒಳಗೆ ಕಾಲಿಡುವ ಓಣಿ. ಅಲ್ಲಿಯ ಹತ್ತಾರು ಮನೆಯವರು ನಾವು ಕ್ರೈಸ್ತರು. ತಿಂಗಳಿಗೊಮ್ಮೆ ನಮ್ಮಲ್ಲಿ ಕರ್ತನ ಭೋಜನ. ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ರೊಟ್ಟಿ ಕರ್ತನ ದೇಹ, ರಸ ಕರ್ತನ ರಕ್ತ ಎಂದು ನೆನೆದು ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳುವುದು. ಆ ರಸವನ್ನು ಇಪ್ಪತ್ತು ವರ್ಷಗಳಿಗೂ ಮೇಲೆ ನಮ್ಮ ಅವ್ವ ಮನೆಯಲ್ಲಿ ಕುದಿಸಿ ಕೊಡುತ್ತಿದ್ದಳು. ಈ ಲೋಕದಲ್ಲಿ ಅವಳಿಗೆ ಇದ್ದ ಮಾನ ಅದೊಂದೇ. ಅದನ್ನೂ ಅವಳ ಕೈಯಿಂದ ಕಸಿದರು. ಕಸಿದವರಲ್ಲಿ ನಾನೂ ಒಬ್ಬಳು.

ಹಸಿ ದ್ರಾಕ್ಷಿ ವರ್ಷವಿಡೀ ಸಿಗುವುದಿಲ್ಲವಲ್ಲ, ಅದಕ್ಕೆ ಮಣೂಕದಿಂದಲೇ ರಸ. ಮಣೂಕ ಎಂದರೆ ನಮ್ಮ ಕಡೆಯ ಒಣದ್ರಾಕ್ಷಿ. ಅವ್ವ ಕೂಲಿಗೆ ಹೋಗುತ್ತಿದ್ದದ್ದೂ ಮಣೂಕದ ಶೆಡ್ಡಿಗೇ. ದಿನವಿಡೀ ಕೂತು ಕಡ್ಡಿ ಕೀಳುವುದು, ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುವುದು. ಮೊದಲ ಭಾನುವಾರದ ಮುಂಚಿನ ಶುಕ್ರವಾರ ಶೆಡ್ಡಿನಿಂದ ಬಂದವಳೇ ಮಣೂಕ ನೆನೆ ಹಾಕುತ್ತಿದ್ದಳು. ಗಂಧಕದ ಹೊಗೆಯ ವಾಸನೆ ಹೋಗಲೆಂದು ಮೂರು ಸಲ ನೀರು ಬದಲಿಸುವುದು. ಶನಿವಾರ ತಲೆ ತೊಳೆದುಕೊಂಡು ಒಲೆ ಹೊತ್ತಿಸುವುದು. ಅವತ್ತು ಆ ಒಲೆಯ ಮೇಲೆ ಬೇರೆ ಏನೂ ಬೇಯುವಂತಿಲ್ಲ. ನನಗೆ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಸ್ಟೀಲಿನ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಇನ್ನೊಂದು ಬಿಳಿ ಬಟ್ಟೆ ಕಟ್ಟುವ ತನಕ ಅವಳು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ಮಣೂಕ ಮಾತ್ರ ಒಂದನೇ ನಂಬರಿನದೇ ಬೇಕು. ಅದನ್ನು ತನ್ನ ಕೂಲಿಯಲ್ಲೇ ಕೊಳ್ಳುತ್ತಿದ್ದಳು. ಶೆಡ್ಡಿನಲ್ಲಿ ಕೆಳಗೆ ಬಿದ್ದ, ಕಪ್ಪಾದ, ಮಣ್ಣು ಹತ್ತಿದ ಮಣೂಕವನ್ನು ಹೆಂಗಸರು ಸೆರಗಿಗೆ ಕಟ್ಟಿಕೊಂಡು ಬರಬಹುದಿತ್ತು. ಅದು ನನ್ನ ಪಾಲಿಗೆ. ಒಮ್ಮೆ ನಾನು ಸಿಟ್ಟಿಗೆದ್ದು, "ಯವ್ವಾ, ದೇವರಿಗಿ ಛಲೋವು, ನನಗ ಬಿದ್ದಾವೇನ?" ಎಂದು ಕೇಳಿದೆ. ಅವ್ವ ತಲೆಗೊಂದು ಮೊಟಕಿ, "ದೇವರಿಗಿ ಅಲ್ಲಬೇ ಅದು. ಎಲ್ಲಾ ಮಂದಿ ಕುಡೀತಾರ, ನನ್ನ ಕೈಯಿಂದ ಕುಡೀತಾರ, ತಿಳೀತೇನ?" ಎಂದಳು. ಆಗ ನನಗೆ ತಿಳಿಯಲಿಲ್ಲ.

ಅವ್ವ ಹೊನವಾಡದವಳು. ಮದುವೆಗೆ ಮುಂಚೆ ಅಲ್ಲಿ ಒಬ್ಬರ ದ್ರಾಕ್ಷಿ ಪಡದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಬಾಯಾರಿದರೆ ಪಡದ ಒಡತಿ ಮೇಲಿನಿಂದ ನೀರು ಸುರಿಯುವಳು, ಇವಳು ಬಗ್ಗಿ ಬೊಗಸೆ ಒಡ್ಡಬೇಕು. ಅರ್ಧ ನೀರು ಬಾಯಿಗೆ, ಅರ್ಧ ಕುಪ್ಪಸಕ್ಕೆ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಅಪ್ಪನ ಬೆನ್ನು ಹತ್ತಿ ಪ್ರಾರ್ಥನೆಗೆ ಹೋದಳು. ಅವತ್ತು ವಿಜಯಪುರದಿಂದ ಬಂದಿದ್ದ ಒಬ್ಬ ಮುದಿ ಮಾಸ್ತರರು, ಮೇಲಿನ ಓಣಿಯಲ್ಲಿ ಹುಟ್ಟಿದವರು, ಬಟ್ಟಲಿನಿಂದ ಒಂದು ಗುಟುಕು ಕುಡಿದು ಅದನ್ನು ಹಾಗೆಯೇ ಅವಳ ಕೈಗೆ ಕೊಟ್ಟರು.

"ಅವರು ಕುಡದದ್ದು ನಾ ಕುಡದೆ. ಅದೇನ ದೊಡ್ಡದಲ್ಲ. ನಾ ಕುಡದ ಬಟ್ಟಲ ಸುತ್ತಿ ಬಂದು ಅವರ ಕೈಗಿ ಮತ್ತ ಹ್ವಾದಾಗ, ಉಳದ ಹನಿ ಸೈತ ಅವರು ಕುಡದ್ರು ನೋಡು. ಅವತ್ತ ನಿಂತೆ ನಾ ಅಲ್ಲಿ," ಎಂದು ಅವ್ವ ನೂರು ಸಲ ಹೇಳಿದ್ದಾಳೆ. ಧರ್ಮದ ಉಳಿದ ಮಾತೆಲ್ಲ ಅವಳಿಗೆ ಆಮೇಲೆ ಗೊತ್ತಾದದ್ದು. ಅಪ್ಪ ಬೇಗ ತೀರಿಕೊಂಡ. ಆಗ ಇದ್ದ ಪಾಸ್ಟರ್ ಅವಳಿಗೆ ರಸ ಮಾಡುವ ಕೆಲಸ ಒಪ್ಪಿಸಿದರು. ಅದರ ಮೇಲೇ ಅವಳು ಬದುಕಿದಳು ಎಂದರೂ ತಪ್ಪಿಲ್ಲ.

ಶೆಡ್ಡಿನ ಮಾಲಕರು ಬಬಲೇಶ್ವರದ ಸಾವ್ಕಾರರು. ಊರಲ್ಲಿ ಹೊಲ, ಅಂಗಡಿ, ತಿಕೋಟಾದಲ್ಲಿ ಶೆಡ್ಡು. ಅವರ ಹೆಂಡತಿಗೆ ಒಮ್ಮೆ ಹೊಟ್ಟೆಯ ಆಪರೇಶನ್ನಾಗಿ, ಅದು ಕೆಟ್ಟು, ವಿಜಯಪುರದ ಒಂದು ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದರು. ಸಾವ್ಕಾರ್ತಿ ಅವ್ವನಿಗೆ ಏನಾಗಬೇಕು? ಆದರೂ ಸುದ್ದಿ ಕೇಳಿದವಳೇ ಈಗಿನ ಪಾಸ್ಟರನ್ನು ಕರೆದುಕೊಂಡು ಹೋದಳು. ಮೂರು ದಿನ ಉಪವಾಸ ಮಾಡಿದಳು. ನಾನು ಆಗಲೇ ವಿಜಯಪುರದಲ್ಲಿ ಕೆಲಸಕ್ಕಿದ್ದೆ. ಸಂಜೆ ಹೋಗಿ ನೋಡಿದರೆ ಅವ್ವ ಮಂಚದ ಪಕ್ಕ ಕೂತು ಸಾವ್ಕಾರ್ತಿಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಅವರು ಸಣ್ಣ ಕೂಸಿನಂತೆ ಬಾಯಿ ತೆರೆದು ಕುಡಿಯುತ್ತಿದ್ದರು. "ನೀವು ನನ್ನ ಹಡದವ್ವ ಇದ್ದಂಗ ಅದೀರಿ," ಎಂದು ಅವ್ವನ ಕೈ ಹಿಡಿದು ಅತ್ತದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಸಾವ್ಕಾರ್ತಿ ಗುಣವಾದರು. ಔಷಧದಿಂದಲೋ ಪ್ರಾರ್ಥನೆಯಿಂದಲೋ, ನನಗೆ ಗೊತ್ತಿಲ್ಲ. ಗಂಡ ಹೆಂಡತಿ ಭಾನುವಾರ ಕಾರು ಮಾಡಿಕೊಂಡು ನಮ್ಮ ಪ್ರಾರ್ಥನಾ ಮನೆಗೆ ಬರತೊಡಗಿದರು. ಅಬ್ಬಬ್ಬಾ, ನಮ್ಮ ಪಾಸ್ಟರ ಸಂಭ್ರಮ! ಅವರು ಗದಗ ಕಡೆಯವರು, ಸಾಧು ಮನುಷ್ಯ, ಆದರೆ ಕಾರಿನ ಸದ್ದು ಕೇಳಿದರೆ ಪ್ರಾರ್ಥನೆಯ ನಡುವೆಯೂ ಕಣ್ಣು ಬಿಡುವಷ್ಟು ಸಾಧು. ಎಲ್ಲರೂ ಚಾಪೆಯ ಮೇಲೆ ಕೂಡುವ ಜಾಗದಲ್ಲಿ ಎರಡು ಕುರ್ಚಿ ಬಂದವು. ಆಮೇಲೆ ಫ್ಯಾನು ಬಂದವು. ಸೋರುವ ತಗಡು ಹೋಗಿ ಹೊಸ ತಗಡು ಬಂತು. ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಸೆಖೆ ಎಲ್ಲರಿಗೂ ಆಗುತ್ತಿತ್ತಲ್ಲ.

ಅವರು ಬಂದ ಮೇಲಿನ ಮೊದಲ ಕರ್ತನ ಭೋಜನದ ದಿನ ಬಟ್ಟಲು ಕೈಯಿಂದ ಕೈಗೆ ಸಾಗಿ ಸಾವ್ಕಾರ್ತಿಯ ಕೈಗೆ ಬಂತು. ಅವರು ಬಟ್ಟಲು ಹಿಡಿದರು, ಕಣ್ಣು ಮುಚ್ಚಿದರು, ತುಟಿಯ ಹತ್ತಿರ ತಂದರು. ತಾಗಿಸಲಿಲ್ಲ. ಗಂಡನ ಕೈಗೆ ಕೊಟ್ಟರು. ಗಂಡನೂ ಹಾಗೆಯೇ. ಯಾರು ಹೇಗೆ ಕುಡಿಯುತ್ತಾರೆಂದು ಅವ್ವ ಪ್ರತಿ ಸಲ ನೋಡುತ್ತಾಳೆ, ಅವತ್ತೂ ನೋಡಿದಳು. ಮುಂದಿನ ತಿಂಗಳು ಬಟ್ಟಲು ಹೊರಡುವ ಮುಂಚೆಯೇ ಅವರಿಗೆ ಊರಲ್ಲಿ ಕೆಲಸ ಬಂತು. ಅದರ ಮುಂದಿನ ತಿಂಗಳು ಬರಲೇ ಇಲ್ಲ.

ಪಾಸ್ಟರು ನನಗೆ ಫೋನು ಮಾಡಿದರು. "ಈಗ ರೋಗ ರುಜಿನ ಭಾಳ ಅದಾವ ನೋಡ್ರಿ. ಎಲ್ಲಾರ ಆರೋಗ್ಯಕ್ಕ ಛಲೋ ಅಂತ ಸಣ್ಣ ಸಣ್ಣ ಪ್ಲಾಸ್ಟಿಕ್ ಕಪ್ ಮಾಡೋಣಂತ. ರಸಾನೂ ಪ್ಯಾಕ್ ಇದ್ದದ್ದ ಇರಲಿ. ನೀವ ಬರೂವಾಗ ಒಂದ ಬಾಟ್ಲಿ ತಂದಬಿಡ್ರಿ," ಎಂದರು. ಸಣ್ಣ ಕಪ್ಪು ಆರೋಗ್ಯಕ್ಕೆ, ಒಪ್ಪಿದೆ. ಕುದಿಸಿ ಹಿಂಡಿದ ರಸದಲ್ಲಿ ಯಾವ ರೋಗವಿತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ. "ಆತ್ರಿ," ಎಂದೆ.

ನನ್ನನ್ನು ಬೈಯುವ ಮುಂಚೆ ನಾನು ಯಾರೆಂದು ಕೇಳಿ. ವಿಜಯಪುರದಲ್ಲಿ ಬಡವರಿಗೆ ನೆರವಾಗುವ ಒಂದು ಕ್ರೈಸ್ತ ಸಂಸ್ಥೆಯಲ್ಲಿ ನನ್ನ ಕೆಲಸ. ಹೊರದೇಶದ ದಾನಿಗಳಿಗೆ ವರದಿ ಬರೆಯುವುದು, ಅವರು ಬಂದರೆ ಅವರ ಮಾತು ನಮ್ಮವರಿಗೆ, ನಮ್ಮವರ ಮಾತು ಅವರಿಗೆ ತಿಳಿಸುವುದು. ಬಡತನ, ಹೊರಗಿಡುವಿಕೆ ಎಂದು ಪುಟಗಟ್ಟಲೆ ಬರೆಯಬಲ್ಲೆ. ಜಲನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆಯೊಡತಿ, "ನೀವು ಯಾವ ಪೈಕಿ?" ಎಂದರು. ಕ್ರಿಶ್ಚಿಯನ್ ಎಂದೆ. "ಅದ ಖರೇರಿ, ಅದಕ್ಕಿಂತ ಮೊದ್ಲ?" ಎಂದರು. "ನಮ್ಮ ಮುತ್ತ್ಯಾನ ಕಾಲದಿಂದ ಇದ ಐತ್ರಿ," ಎಂದು ಹಸಿ ಸುಳ್ಳು ಹೇಳಿ ಮನೆ ಹಿಡಿದೆ. ಎಲ್ಲಿ ಏನು ಹೇಳಬೇಕು, ಏನು ನುಂಗಬೇಕು ಎಂಬ ವಿದ್ಯೆಯನ್ನು ನನ್ನಷ್ಟು ಚೆನ್ನಾಗಿ ಕಲಿತವರು ಕಡಿಮೆ.

ಬಾಟಲಿ ತಂದ ಮೊದಲ ತಿಂಗಳು ಶನಿವಾರವೇ ಊರಿಗೆ ಹೋದೆ. ಪಾಸ್ಟರೂ ಮನೆಗೆ ಬಂದರು. ಅವ್ವ ಆಗಲೇ ರಸ ಕುದಿಸಿ ಇಳಿಸಿದ್ದಳು.

"ಇನ್ನ ನಿಮಗ ಈ ತ್ರಾಸ ಬ್ಯಾಡ್ರಿ ಯವ್ವಾ," ಎಂದರು ಪಾಸ್ಟರು.

"ನನಗೇನ್ರಿ ತ್ರಾಸ? ನಾ ಎಂದಾರ ತ್ರಾಸ ಅಂದೇನೇನ್ರಿ?"

ಪಾಸ್ಟರು ನನ್ನ ಮುಖ ನೋಡಿದರು. ನಾನು ಚೀಲದಿಂದ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟೆ. ಅವ್ವ ಅದರ ಲೇಬಲ್ಲು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಲ್ಲಾ ತಿಳಿಯಿತು. ತಾನು ಮಾಡಿದ ರಸವನ್ನು ಅವಳು ಚೆಲ್ಲಲಿಲ್ಲ, ಕುಡಿಯಲೂ ಇಲ್ಲ. ಹುಳಿಯಾಗಿ ನೊರೆ ಬರುವ ತನಕ ಡಬ್ಬಿ ಮೂಲೆಯಲ್ಲೇ ಇತ್ತು.

ನನಗೆ ಮೈ ಉರಿಯುವುದು ಇದಕ್ಕೆ: ಸೋಮವಾರ ಅವ್ವ ಅದೇ ಸಾವ್ಕಾರರ ಶೆಡ್ಡಿಗೆ ಹೋಗಿ, ಅದೇ ಬರಿಗೈಯಿಂದ, ಅದೇ ಮಣೂಕ ಆರಿಸುತ್ತಿದ್ದಳು. ಆ ಮಣೂಕ ಎಲ್ಲೆಲ್ಲಿಗೋ ಹೋಗುತ್ತಿತ್ತು. ಮದುವೆಯ ಶಿರಾಕ್ಕೆ, ದೇವರ ಪ್ರಸಾದಕ್ಕೆ, ಸಾವ್ಕಾರರ ಮನೆಯ ಪಾಯಸಕ್ಕೂ. ಅಲ್ಲಿ ಅವಳ ಕೈ ಯಾರಿಗೂ ಅಡ್ಡ ಬರಲಿಲ್ಲ. ಅದೇ ಕೈ ಕುದಿಸಿ ಕೊಟ್ಟರೆ ಮಾತ್ರ ಗಂಟಲಲ್ಲಿ ಇಳಿಯದು. ಥೂ! ಆಸ್ಪತ್ರೆಯಲ್ಲಿ ಗಂಜಿ ಕುಡಿಯುವಾಗ ಈ ಗಂಟಲು ಎಲ್ಲಿ ಹೋಗಿತ್ತು?

ಸಾವ್ಕಾರರ ಕಾರು ಮತ್ತೆ ಬರತೊಡಗಿತು, ಎರಡು ವರ್ಷ ಹೀಗೇ ಸಾಗಿತು. ಆ ಎರಡು ವರ್ಷದಲ್ಲಿ ಹಳೆಯ ಬಟ್ಟಲು ಕಿಟಕಿಯಲ್ಲಿ ಪ್ಲಾಸ್ಟಿಕ್ ಹೂವು ಇಡುವುದಕ್ಕೆ ಬಳಕೆಯಾಯಿತು. ಆಮೇಲೆ ನಮ್ಮ ಸಂಸ್ಥೆಗೆ ಹೊರದೇಶದಿಂದ ಒಬ್ಬ ವಯಸ್ಸಾದ ಹೆಂಗಸು ಅತಿಥಿಯಾಗಿ ಬಂದರು. ಜಗತ್ತಿನ ಬಡತನವನ್ನು ಕ್ರೈಸ್ತರು ಹೇಗೆ ನೋಡಬೇಕು ಎಂಬ ವಿಷಯದ ಮೇಲೆ ವಿಜಯಪುರದಲ್ಲಿ ಮಾತಾಡಿದರು. ನಾನೇ ಕನ್ನಡಕ್ಕೆ ತಿಳಿಸಿದೆ. ದುಡ್ಡಿಲ್ಲದ್ದಷ್ಟೇ ಬಡತನವಲ್ಲ, ಜೊತೆಗೆ ಕೂಡಲು ಕರೆಯದಿರುವುದೂ ಬಡತನ ಎಂದರು. ಒಳ್ಳೆಯ ಮಾತು, ಸುಳ್ಳಲ್ಲ. ಮರುದಿನ ಅವರಿಗೆ ಏನು ಬೇಕೆಂದು ಬಡವರನ್ನೇ ನೇರವಾಗಿ ಕೇಳಬೇಕಿತ್ತು, ನಾನೊಬ್ಬಳೇ ತಿಕೋಟಾಕ್ಕೆ ಕರೆದುಕೊಂಡು ಹೋದೆ.

ಪಾಸ್ಟರು ಎಲ್ಲ ತಯಾರಿ ಮಾಡಿಟ್ಟಿದ್ದರು. ಯಾರು ಏನು ಬೇಕೆಂದು ಕೇಳಬೇಕು ಎಂಬುದನ್ನು ಹೆಂಗಸರಿಗೆ ಮೊದಲೇ ಹೇಳಿಕೊಟ್ಟಿದ್ದರು, ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬಾರದಲ್ಲ. ಒಬ್ಬಳಿಗೆ ಆಡು, ಒಬ್ಬಳಿಗೆ ಎಮ್ಮೆ, ಒಬ್ಬಳಿಗೆ ತರಕಾರಿಯ ಕೈಗಾಡಿ. ಅವ್ವನ ಪಾಲಿಗೆ ಹೊಲಿಗೆ ಯಂತ್ರ. ಅವ್ವ ಜೀವಮಾನದಲ್ಲಿ ಕುಪ್ಪಸದ ಗುಂಡಿ ಬಿಟ್ಟರೆ ಬೇರೆ ಹೊಲಿದವಳಲ್ಲ. ಸಾವ್ಕಾರರು, ಸಾವ್ಕಾರ್ತಿ ಮುಂದಿನ ಕುರ್ಚಿಯಲ್ಲಿದ್ದರು. ಅತಿಥಿಗೆ ಮೂರನೆಯ ಕುರ್ಚಿ. ನಾನು ಅವರ ಪಕ್ಕ ನಿಂತಿದ್ದೆ.

ಅವ್ವನ ಸರದಿ ಬಂತು. ಅತಿಥಿ ಅವಳ ಎರಡೂ ಕೈ ಹಿಡಿದು, ನಿಮಗೆ ಏನು ಬೇಕು, ಮನಸ್ಸಿನಲ್ಲಿದ್ದದ್ದನ್ನು ಹೇಳಿ ಎಂದರು. ನಾನು ಅದನ್ನು ಅವ್ವನಿಗೆ ಹೇಳಿದೆ.

"ಮನಸಿನ್ಯಾಗ ಇದ್ದದ್ದೇನು?" ಎಂದು ಅವ್ವ ನನ್ನನ್ನೇ ಕೇಳಿದಳು. ಹೂಂ ಎಂದೆ.

"ಹಂಗಾರ ಹೇಳು ಇವರಿಗಿ. ನನಗ ಮಿಶಿನ್ ಬ್ಯಾಡ. ನಾ ಹರೇದಾಗ ಈ ಮನಿಗಿ ಬಂದದ್ದು ಆ ಬಟ್ಟಲ ಸಲುವಾಗಿ. ಇಲ್ಲಿ ನಾ ಕುಡದದ್ದ ಮತ್ತೊಬ್ರು ಕುಡದ್ರು, ಅದಕ್ಕ ಬಂದೆ. ಇಷ್ಟ ವರ್ಷ ನಾ ರಸಾ ಮಾಡಿ ಕೊಟ್ಟೆ, ಯಾರಿಗಿ ಏನಾತು? ಈಗ ಬ್ಯಾಡ ಅಂತಾರ. ಯಾಕ ಬ್ಯಾಡ ಅಂತ ಯಾರೂ ಬಾಯಿ ಬಿಡವಲ್ರು. ಹಿರ್ಯಾರು ಅದಾರ, ಇವರು ಒಂದ ಮಾತ ಹೇಳಿದ್ರ ಪಾಸ್ಟರು ಕೇಳ್ತಾರ. ನನಗ ಮತ್ತ ರಸಾ ಮಾಡಾಕ ಕೊಡ್ಸ್ರಿ ಅಂತ ಹೇಳು. ನಾ ಮಾಡಿದ್ದನ್ನ ಇವರೂ ಒಂದ ಗುಟುಕು ಕುಡೀಲಿ ಅಂತ ಹೇಳು."

ಕಿಟಕಿಯ ಬಟ್ಟಲಿನ ಕಡೆ ಕೈ ತೋರಿಸಿದಳು. ಕಣ್ಣಲ್ಲಿ ನೀರು ಬಂದಿತ್ತು. ಸಾವ್ಕಾರ್ತಿ ತಲೆ ತಗ್ಗಿಸಿದರು. ಸಾವ್ಕಾರರು ನನ್ನನ್ನೇ ನೋಡುತ್ತಿದ್ದರು. ಪಾಸ್ಟರ ಮುಖ ಬಿಳಿಚಿಕೊಂಡಿತ್ತು. ಇಂಗ್ಲಿಷು ಬಲ್ಲವಳು ಅಲ್ಲಿ ನಾನೊಬ್ಬಳೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಪುಣ್ಯಾತ್ಗಿತ್ತಿ ಎದ್ದು ಹೋಗಿ ಹೂವು ಕಿತ್ತೆಸೆದು ಬಟ್ಟಲು ಕೈಗೆತ್ತಿಕೊಂಡೇ ಬಿಡುತ್ತಿದ್ದರು. ಅದೇ ನನ್ನ ಭಯ. ಸಾವ್ಕಾರರು ಎದ್ದು ಹೋಗುತ್ತಾರೆ, ಅವ್ವನ ಶೆಡ್ಡಿನ ಕೂಲಿ ಹೋಗುತ್ತದೆ, ಪಾಸ್ಟರು ನನ್ನ ಮೇಲೆ ಸಂಸ್ಥೆಗೆ ದೂರು ಹೇಳುತ್ತಾರೆ. ಇಷ್ಟೆಲ್ಲ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿತು.

"ಆಕೆಗೆ ಒಂದು ಹೊಲಿಗೆ ಯಂತ್ರ ಬೇಕಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅತಿಥಿ ಹುಬ್ಬೇರಿಸಿದರು. ಇಷ್ಟು ಹೊತ್ತು ಮಾತಾಡಿದರಲ್ಲ, ಇಷ್ಟೇ ಏನು ಎಂದು ಕೇಳಿದರು. "ಉಳಿದದ್ದೆಲ್ಲ ನಿಮಗೆ ಹೇಳಿದ ಧನ್ಯವಾದ," ಎಂದೆ. ಅವರು ಕಣ್ಣು ಒರೆಸಿಕೊಂಡು ಅವ್ವನನ್ನು ತಬ್ಬಿದರು. ತನ್ನ ಮಾತು ಮುಟ್ಟಿತೆಂದು ಅವ್ವ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಾನು ಮುಂದಿನವಳ ಹೆಸರು ಕೂಗಿದೆ.

ಮೂರು ತಿಂಗಳಿಗೆ ಯಂತ್ರ ಬಂತು. ಸಾವ್ಕಾರರ ಕೈಯಿಂದ ಕೊಡಿಸಿ ಫೋಟೊ ತೆಗೆದೆವು. ಅವ್ವ ಯಂತ್ರವನ್ನು ಮನೆಯ ಮೂಲೆಯಲ್ಲಿಟ್ಟು ಹಳೆಯ ಸೀರೆ ಹೊದಿಸಿದಳು. "ಪಾಪ, ಆಕಿಗಿ ನಮ್ಮ ಮಾತ ತಿಳೀಲಿಲ್ಲ ಕಾಣ್ತೈತಿ. ದೂರದಾಕಿ," ಎಂದಳು. ನಾನು ಹೂಂಗುಟ್ಟಿದೆ. ಪ್ರತಿ ತಿಂಗಳು ಬಾಟಲಿ ತರುತ್ತಲೇ ಇದ್ದೆ, ಅವ್ವ ಮಿಕ್ಕವರ ಜೊತೆ ಆ ಸಣ್ಣ ಕಪ್ಪಿನಲ್ಲಿ ಕುಡಿಯುತ್ತಲೇ ಇದ್ದಳು. ಆ ಅತಿಥಿ ಇನ್ನೊಮ್ಮೆ ಬಂದರೆ ಸರಿಯಾಗಿ ಹೇಳೋಣ ಎಂದು ಕಾದಳು ಕೂಡ.

ಆಕೆ ಬರಲಿಲ್ಲ. ಅವರ ದೇಶದ ಪತ್ರಿಕೆ ಬಂತು. ಅದರ ಒಂದು ಪುಟದಲ್ಲಿ ಯಂತ್ರದ ಪಕ್ಕ ನಿಂತ ಅವ್ವನ ಫೋಟೊ. ಪಾಸ್ಟರು ಖುಷಿಯಿಂದ ತಂದು ಅವ್ವನ ಕೈಗಿಟ್ಟು ಹೋದರು. ಆ ತಿಂಗಳು ಶನಿವಾರವೇ ನಾನು ಹೋದಾಗ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಏನ್ ಬರದಾರ ಓದಬೇ," ಎಂದಳು.

ನನ್ನ ವರದಿಯನ್ನೇ ಅವರು ಅಚ್ಚು ಹಾಕಿದ್ದರು, ಬರೆದವಳು ನಾನೇ. ಏನು ಬೇಕಾದರೂ ಓದಬಹುದಿತ್ತು, ಅವಳಿಗೇನು ಗೊತ್ತಾಗುತ್ತಿತ್ತು! ಆದರೆ ಅವತ್ತು ಯಾಕೋ ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನೇ ಓದಿದೆ: ಈ ವಿಧವೆ ತನ್ನ ಬಡತನ ನೀಗಲು ಒಂದು ಹೊಲಿಗೆ ಯಂತ್ರ ಬೇಕೆಂದು ಕಣ್ಣೀರಿಟ್ಟು ಕೇಳಿದಳು, ಅವಳ ಪ್ರಾರ್ಥನೆ ಈಡೇರಿತು.

ಅವ್ವ ಫೋಟೊದಲ್ಲಿದ್ದ ಯಂತ್ರದ ಮೇಲೆ ಬೆರಳಿಟ್ಟಳು. ಆಮೇಲೆ, "ಆಕಿಗಿ ತಿಳೀಲಾರದ್ದಲ್ಲ. ನೀ ಹೇಳಿಲ್ಲ," ಎಂದಳು.

"ಯವ್ವಾ, ಹೆಂಗ ಹೇಳ್ಲಿ? ಹೇಳಿದ್ರ ಅಲ್ಲಿ ಎಲ್ಲಾರ ಮರ್ಯಾದಿ ಹೋಗ್ತಿತ್ತು," ಎಂದೆ.

"ಎಲ್ಲಾರದು ಅಂದ್ರ?" ಎಂದಳು ಅವ್ವ. ಬೈಯಲಿಲ್ಲ, ದನಿಯನ್ನೂ ಎತ್ತಲಿಲ್ಲ. "ಆ ಎಲ್ಲಾರಾಗ ನಾ ಇದ್ನೇನಬೇ?"

ಅವ್ವ ಪತ್ರಿಕೆ ಮಡಿಚಿ ಯಂತ್ರದ ಮೇಲಿಟ್ಟು, ನನಗೆ ರೊಟ್ಟಿ ಬಡಿಯಲು ಎದ್ದಳು. ನಾನು ಹಸಿದಿರುತ್ತೇನೆಂದು ಅವಳಿಗೆ ಗೊತ್ತಿತ್ತು.

ಮರುದಿನ ಮೊದಲ ಭಾನುವಾರ. ಸಣ್ಣ ಕಪ್ಪುಗಳ ತಟ್ಟೆ ಸಾಲಿನಲ್ಲಿ ಸಾಗಿ ಅವ್ವನ ಹತ್ತಿರ ಬಂತು. ಅವಳು ತಟ್ಟೆ ಹಿಡಿದಳು, ಯಾವ ಕಪ್ಪನ್ನೂ ಮುಟ್ಟದೆ ಪಕ್ಕದವಳಿಗೆ ಕೊಟ್ಟಳು. ಅವತ್ತಿನಿಂದ ಇವತ್ತಿನವರೆಗೂ ಹಾಗೆಯೇ. ಪ್ರತಿ ಭಾನುವಾರ ಹೋಗುತ್ತಾಳೆ, ಹಾಡುತ್ತಾಳೆ, ಸಾವ್ಕಾರ್ತಿಗೆ ನಮಸ್ಕಾರ ಹೇಳುತ್ತಾಳೆ, ತಟ್ಟೆ ಬಂದರೆ ಮುಂದೆ ಕಳಿಸುತ್ತಾಳೆ. ಪಾಸ್ಟರು ನೋಡುತ್ತಾರೆ, ಸಾವ್ಕಾರ್ತಿ ನೋಡುತ್ತಾರೆ, ಯಾರೂ ಯಾಕೆಂದು ಕೇಳುವುದಿಲ್ಲ. ಒಬ್ಬ ಮುದುಕಿ ಕುಡಿಯದಿದ್ದರೆ ಒಂದು ಕಪ್ಪು ಉಳಿಯುತ್ತದೆ, ಅಷ್ಟೇ.

ತಟ್ಟೆ ಅವಳನ್ನು ದಾಟಿ ಪಕ್ಕದವಳಿಂದ ನನ್ನ ಕೈಗೆ ಬರುತ್ತದೆ. ಈ ತಿಂಗಳೂ ಬಂತು. ನಾನು ತೆಗೆದುಕೊಂಡು ಕುಡಿದೆ. ವಾಪಸು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವ್ವ, "ನಿನಗ ಆ ಬಾಟ್ಲೀದು ಇನ್ನೂ ರುಚಿ ಅನಸ್ತೈತೇನಬೇ?" ಎಂದು ಕೇಳಿದಳು.

"ಅನಸ್ತೈತಿ ಯವ್ವಾ," ಎಂದೆ. ಈ ಸಲ ಅವಳಿಗೆ ನಾನು ಸುಳ್ಳು ಹೇಳಲಿಲ್ಲ.